ಓದುಗರ ಪ್ರಶ್ನೆ: ವೃತ್ತದ ಆಜ್ಞೆಯೇ ಇಲ್ಲದಾಗ ವೃತ್ತವನ್ನು ಬರೆಯುವುದು ಹೇಗೆ?

ಪ್ರಶ್ನೆ: ಕ್ಯಾಲ್‌ಕಾಂಪ್ ಪ್ಲಾಟರಿಗಾಗಿ (ಕಂಪ್ಯೂಟರಿನ ಆಜ್ಞೆಯಂತೆ ಪೆನ್ನಿನಿಂದ ಕಾಗದದ ಮೇಲೆ ಚಿತ್ರ ಬರೆಯುವ ಯಂತ್ರ) ಫೋರ್ಟ್ರಾನ್ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಮೊಂದನ್ನು ಓದುತ್ತಿದ್ದೇನೆ. ಅದರಲ್ಲಿ ‘ಪ್ಲಾಟ್’ ಎಂಬ ಒಂದೇ ಸಬ್‌ರೂಟೀನನ್ನು (ಹೆಸರು ಹಿಡಿದು ಬೇಕಾದಾಗ ಕರೆಯುವ ಪ್ರೋಗ್ರಾಮಿನ ತುಣುಕನ್ನು) ಮತ್ತೆ ಮತ್ತೆ ಕರೆಯಲಾಗಿದೆ. ಚೌಕಕ್ಕಾಗಲಿ ವೃತ್ತಕ್ಕಾಗಲಿ ಬೇರೆ ಆಜ್ಞೆ ಕಾಣುವುದಿಲ್ಲ. ಇಷ್ಟರಿಂದಲೇ ಆಕೃತಿಗಳು ಹೇಗೆ ಮೂಡುತ್ತಿದ್ದವು? ನಮ್ಮ ಏಳು ಸುತ್ತಿನ ಕೋಟೆಯ ನಕ್ಷೆಯನ್ನು ಏಳು ವೃತ್ತಗಳಾಗಿ ಬರೆಯಬಹುದೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ‘ಪ್ಲಾಟ್’ಗೆ ಮೂರು ಬೆಲೆಗಳನ್ನು ಕೊಡಬೇಕು: ಅಂಗುಲಗಳಲ್ಲಿ ಎಕ್ಸ್ ಮತ್ತು ವೈ, ಜೊತೆಗೆ ಪೆನ್ನಿನ ಸಂಕೇತ. ಸಂಕೇತ 3 ಆದರೆ ಪೆನ್ನು ಮೇಲೆದ್ದು ಆ ಬಿಂದುವಿಗೆ ಸಾಗುತ್ತದೆ. 2 ಆದರೆ ಗೆರೆ ಎಳೆಯುತ್ತ ಸಾಗುತ್ತದೆ. ಚೌಕಕ್ಕೆ ಮೊದಲ ಮೂಲೆಗೆ 3, ಆಮೇಲೆ ನಾಲ್ಕು ಸಲ 2; ಕೊನೆಯದು ಹೊರಟ ಮೂಲೆಗೇ ಮರಳಬೇಕು.

ವೃತ್ತದಲ್ಲಿ ನಿಜವಾದ ವಿಚಾರವಿದೆ. ಕೋನವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ, ತ್ರಿಜ್ಯವನ್ನು ಕೊಸೈನ್ ಮತ್ತು ಸೈನ್‌ಗಳಿಂದ ಗುಣಿಸಿ ಬಿಂದುಗಳನ್ನು ಪಡೆದು ಜೋಡಿಸಿದರೆ ಸಿಗುವುದು ಬಹುಭುಜ; ಅದು ಕಣ್ಣಿಗೆ ವೃತ್ತವಾಗಲು ಎಷ್ಟು ಭುಜಗಳು ಬೇಕು ಎಂಬುದನ್ನು ಯಂತ್ರದ ಹೆಜ್ಜೆಯೇ, ಅಂದರೆ ಪೆನ್ನು ಒಮ್ಮೆಗೆ ಸರಿಯುವ ಅತಿ ಚಿಕ್ಕ ದೂರವೇ, ತೀರ್ಮಾನಿಸುತ್ತದೆ. 1959ರಲ್ಲಿ ಬಂದ ಕ್ಯಾಲ್‌ಕಾಂಪ್ 565 ಮಾದರಿಯ ಹೆಜ್ಜೆ ಸಾಮಾನ್ಯವಾಗಿ 0.01 ಅಂಗುಲ. 2 ಅಂಗುಲ ತ್ರಿಜ್ಯದ ವೃತ್ತಕ್ಕೆ 12 ಭುಜಗಳನ್ನಷ್ಟೇ ಬಳಸಿದರೆ ಭುಜದ ನಡುಭಾಗ ನಿಜವಾದ ಕಂಸದಿಂದ ಸುಮಾರು 0.068 ಅಂಗುಲ ಒಳಗೆ ಬೀಳುತ್ತದೆ, ಮೂಲೆಗಳು ಎದ್ದು ಕಾಣುತ್ತವೆ. 72 ಭುಜಗಳಾದರೆ ಆ ಅಂತರ 0.002 ಅಂಗುಲಕ್ಕಿಂತ ಕಡಿಮೆ. ಅದಕ್ಕೂ ಹೆಚ್ಚು ಭುಜಗಳನ್ನು ಕೊಟ್ಟರೆ ಈ ಗಾತ್ರದಲ್ಲಿ ಗಣನೆ ಬೆಳೆಯುತ್ತದೆಯೇ ಹೊರತು ಚಿತ್ರ ಸುಧಾರಿಸದು. ಫೋರ್ಟ್ರಾನಿನ ಸೈನ್ ಕೋನವನ್ನು ಡಿಗ್ರಿಯಲ್ಲಲ್ಲ, ರೇಡಿಯನ್‌ನಲ್ಲಿ ಕೇಳುತ್ತದೆ ಎಂಬುದನ್ನು ಮರೆಯಬೇಡಿ.

ಒಂದೊಂದು ಓರೆಗೆರೆಯೂ ಎಂಟು ದಿಕ್ಕುಗಳ ಪುಟ್ಟ ಹೆಜ್ಜೆಗಳಿಂದಲೇ ಆಗುತ್ತಿತ್ತು. ಆ ಹೆಜ್ಜೆಗಳನ್ನು ಗುಣಾಕಾರ, ಭಾಗಾಕಾರಗಳಿಲ್ಲದೆ ಕೂಡುತ್ತ ಕಳೆಯುತ್ತಲೇ ಆರಿಸುವ ಕ್ರಮವನ್ನು ಐಬಿಎಂನ ಜ್ಯಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ಇಂಥದೇ ಪ್ಲಾಟರಿಗಾಗಿ ರೂಪಿಸಿ, 1965ರಲ್ಲಿ ಪ್ರಕಟಿಸಿದರು. ಅದನ್ನು ಕೈಯಾರೆ ಗ್ರಾಫ್ ಹಾಳೆಯ ಮೇಲೆ ಮಾಡಿ ನೋಡಿ ಎಂದು ಒತ್ತಾಯಿಸುತ್ತೇನೆ.

ಇನ್ನು ಕೋಟೆ. ಏಳು ವೃತ್ತಗಳನ್ನು ಬರೆದರೆ ಅದು ಲಾಂಛನವಾದೀತು, ನಕ್ಷೆಯಾಗದು. ದುರ್ಗದ ಗೋಡೆಗಳು ಬೆಟ್ಟಬಂಡೆಗಳ ಏರಿಳಿತವನ್ನು ಅನುಸರಿಸಿ ಸಾಗುತ್ತವೆ. ಆದ್ದರಿಂದ ಸರ್ವೆ ನಕ್ಷೆಯಿಂದ, ನೇರವಿದ್ದಲ್ಲಿ ವಿರಳವಾಗಿ, ತಿರುವುಗಳಲ್ಲಿ ಒತ್ತಾಗಿ, ಬಿಂದುಗಳನ್ನು ಎತ್ತಿಕೊಂಡು ಸಂಕೇತ 2ರಿಂದ ಜೋಡಿಸಿ. ಬಾಗಿಲು ಬಂದೆಡೆ ಅದರ ಆಚೆ ಬದಿಯ ಬಿಂದುವಿಗೆ 3 ಕೊಟ್ಟರೆ ಗೋಡೆಯಲ್ಲಿ ತೆರಪು ಉಳಿಯುತ್ತದೆ.