ಕರುಳಿನ ಕ್ಯಾನ್ಸರ್: ದುಬಾರಿ ಇಂಜೆಕ್ಷನ್‌ಗೆ ಮೊದಲು ಜೀನ್ ಪರೀಕ್ಷೆ ಏಕೆ?

ಪ್ರಶ್ನೆ: ನಮ್ಮ ಅಣ್ಣನಿಗೆ 46 ವರ್ಷ. ದೊಡ್ಡಕರುಳಿನ ಎಡಭಾಗದ ಕ್ಯಾನ್ಸರ್‌ಗೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆಗಿತ್ತು, ಈಗ ಲಿವರ್‌ಗೆ ಹರಡಿದೆ. ಸೆಟುಕ್ಸಿಮ್ಯಾಬ್ ಇಂಜೆಕ್ಷನ್ ಕೊಡಿ ಎಂದರೆ, ಜೀನ್ ಪರೀಕ್ಷೆಯ ವರದಿ ಬರಲಿ ಎಂದು ಡಾಕ್ಟರು ಬರೀ ಕೀಮೋ ಶುರು ಮಾಡಿದ್ದಾರೆ. ಹೊಲ ಅಡವಿಟ್ಟಾದರೂ ಹಣ ಹೊಂದಿಸುತ್ತೇವೆ. ಹೀಗೆ ಕಾಯುವುದರಿಂದ ತೊಂದರೆಯಿಲ್ಲವೇ? ಪರೀಕ್ಷೆಗೆ ಲಿವರ್‌ನಿಂದ ಮತ್ತೆ ತುಣುಕು ತೆಗೆಯಬೇಕೇ?
— ಓದುಗರು, ನರಗುಂದ

ಉತ್ತರ: ನಿಮ್ಮ ಡಾಕ್ಟರು ಸರಿಯಾಗಿಯೇ ಮಾಡಿದ್ದಾರೆ. ಕೀಮೋ ನಡೆಯುತ್ತಿರುವುದರಿಂದ ಚಿಕಿತ್ಸೆ ನಿಂತಿಲ್ಲ. ವರದಿ ಅನುಕೂಲವಾಗಿ ಬಂದರೆ ಸೆಟುಕ್ಸಿಮ್ಯಾಬನ್ನು ಮುಂದಿನ ಸುತ್ತಿನಲ್ಲಿ ಸೇರಿಸಿಕೊಳ್ಳಬಹುದು. ವರದಿ ಕೈಗೆ ಬರುವ ತನಕ ಹೊಲದ ಕಾಗದಪತ್ರಗಳನ್ನು ದಯವಿಟ್ಟು ಹೊರಗೆ ತೆಗೆಯಬೇಡಿ.

ಜೀವಕೋಶದ ಮೇಲ್ಮೈಯಲ್ಲಿರುವ ಇಜಿಎಫ್‌ಆರ್ ಎಂಬ ಪ್ರೋಟೀನು, ಬೆಳೆಯಬೇಕೆಂಬ ಸಂಕೇತವನ್ನು ಒಳಗಿರುವ ರಾಸ್, ಅದರ ಮುಂದಿನ ರಾಫ್ ಪ್ರೋಟೀನುಗಳಿಗೆ ದಾಟಿಸುತ್ತದೆ. ಸೆಟುಕ್ಸಿಮ್ಯಾಬ್ ಮತ್ತು ಅದೇ ಬಗೆಯ ಪ್ಯಾನಿಟುಮುಮ್ಯಾಬ್ ಔಷಧಿಗಳು ತಡೆಯುವುದು ಈ ಇಜಿಎಫ್‌ಆರ್ ಅನ್ನು. ಆದರೆ ರಾಸ್ ಪ್ರೋಟೀನನ್ನು ತಯಾರಿಸುವ ಕೆ-ರಾಸ್ ಅಥವಾ ಎನ್-ರಾಸ್ ಜೀನ್ ತಾನೇ ಕೆಟ್ಟಿದ್ದರೆ, ಮೇಲಿನಿಂದ ಸಂಕೇತ ಬಾರದಿದ್ದರೂ ಕೋಶ ಬೆಳೆಯುತ್ತಲೇ ಇರುತ್ತದೆ. ಕಾಲುವೆಯ ತೂಬು ಮುಚ್ಚಿದರೂ ಹೊಲದೊಳಗೇ ಒರತೆ ಎದ್ದರೆ ನೀರು ನಿಲ್ಲದು. ಹರಡಿದ ಕರುಳಿನ ಕ್ಯಾನ್ಸರ್‌ನ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಾಸ್ ಜೀನ್‌ಗಳಲ್ಲಿ ಬದಲಾವಣೆ ಇರುತ್ತದೆ. ಕೆ-ರಾಸ್ ಕೆಟ್ಟವರಿಗೆ ಸೆಟುಕ್ಸಿಮ್ಯಾಬ್‌ನಿಂದ ಲಾಭವಿಲ್ಲವೆಂದು 2008ರಲ್ಲೇ ಸ್ಪಷ್ಟವಾಗಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಾಸ್ ಬದಲಾವಣೆ ಇದ್ದವರಿಗೆ ಆಕ್ಸಾಲಿಪ್ಲಾಟಿನ್ ಇರುವ ಕೀಮೋ ಜೊತೆ ಪ್ಯಾನಿಟುಮುಮ್ಯಾಬ್ ಕೊಟ್ಟಾಗ, ಬರೀ ಕೀಮೋ ಪಡೆದವರಿಗಿಂತ ಅವರ ಸ್ಥಿತಿ ಹದಗೆಟ್ಟಿತು. ಹಣ ಹೋಗುವುದಷ್ಟೇ ಅಲ್ಲ, ಮುಖ ಎದೆಗಳ ಮೇಲೆ ಮೊಡವೆಯಂಥ ಗುಳ್ಳೆ ಏಳುವುದು, ರಕ್ತದಲ್ಲಿ ಮೆಗ್ನೀಸಿಯಂ ಇಳಿಯುವುದು ಇವನ್ನೂ ರೋಗಿ ಸುಮ್ಮನೆ ಅನುಭವಿಸಬೇಕಾಗುತ್ತದೆ. ರಾಸ್ ಸರಿಯಾಗಿದ್ದು ಗಡ್ಡೆ ಎಡಭಾಗದ್ದಾಗಿದ್ದರೆ ಈ ಔಷಧಿಯ ಫಲ ಚೆನ್ನಾಗಿರುತ್ತದೆ. ಆ ದೃಷ್ಟಿಯಿಂದ ನಿಮ್ಮ ಅಣ್ಣನವರ ಗಡ್ಡೆ ಎಡಕ್ಕಿರುವುದು ಒಳ್ಳೆಯದೇ.

ರಾಸ್ ಜೊತೆಗೆ ಬಿ-ರಾಫ್ ಜೀನ್‌ನ ವಿ600ಇ ಬದಲಾವಣೆಯನ್ನೂ ನೋಡಬೇಕು. ಇದು ನೂರರಲ್ಲಿ ಸುಮಾರು 8–10 ಮಂದಿಯಲ್ಲಿದ್ದು, ರೋಗದ ವೇಗವನ್ನು ಹೆಚ್ಚಿಸುತ್ತದೆ. ಚರ್ಮದ ಮೆಲನೋಮಾ ಕ್ಯಾನ್ಸರ್‌ನಲ್ಲಿ ಬಿ-ರಾಫ್ ತಡೆಯುವ ಮಾತ್ರೆ ಒಂಟಿಯಾಗಿಯೇ ಕೆಲಸ ಮಾಡುತ್ತದೆ, ಆದರೆ ಕರುಳಿನಲ್ಲಿ ಬಿ-ರಾಫ್ ಅನ್ನು ತಡೆದ ಕೂಡಲೇ ಇಜಿಎಫ್‌ಆರ್ ಚುರುಕಾಗಿ ಸಂಕೇತವನ್ನು ಮತ್ತೆ ಎಬ್ಬಿಸುತ್ತದೆ. ಆದ್ದರಿಂದಲೇ ಇಲ್ಲಿ ಎನ್ಕೊರಾಫೆನಿಬ್ ಮಾತ್ರೆಯನ್ನು ಸೆಟುಕ್ಸಿಮ್ಯಾಬ್ ಜೊತೆ ಸೇರಿಸಿಯೇ ಕೊಡುತ್ತಾರೆ. ಅಮೆರಿಕದಲ್ಲಿ ಈ ಜೋಡಿಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಇಜಿಎಫ್‌ಆರ್‌ನಂಥದ್ದೇ ಇನ್ನೊಂದು ಪ್ರೋಟೀನಾದ ಹರ್-2 ಹೆಚ್ಚಾಗಿರುವ ಕೆಲವೇ ಮಂದಿಗೆ ಬೇರೆ ಔಷಧಿಗಳಿವೆ.

ಲಿವರ್‌ನಿಂದ ಮತ್ತೆ ತುಣುಕು ತೆಗೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಮೂಲ ಗಡ್ಡೆಯಲ್ಲೂ ಹರಡಿದ ಗಡ್ಡೆಯಲ್ಲೂ ರಾಸ್ ಫಲಿತಾಂಶ ಬಹುಪಾಲು ಒಂದೇ ಇರುತ್ತದೆ. ಆಪರೇಶನ್ ಸಮಯದ ತುಣುಕನ್ನು ಮೇಣದಲ್ಲಿ ಕೂರಿಸಿದ ಪ್ಯಾರಾಫಿನ್ ಬ್ಲಾಕ್ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿರುತ್ತದೆ. ಅದನ್ನು ರಸೀದಿ ಪಡೆದು ತನ್ನಿ, ಬಿಸಿಲಿಗೆ ಇಡಬೇಡಿ, ಪರೀಕ್ಷೆಯಾದ ಮೇಲೆ ಮರಳಿ ಕೇಳಿ ಪಡೆಯಿರಿ. ಒಂದೊಂದೇ ಜೀನ್‌ಗೆ ಬೇರೆಬೇರೆ ಸಲ ಕಳಿಸಿದರೆ ಚಿಕ್ಕ ತುಣುಕು ಮುಗಿದುಹೋಗುತ್ತದೆ. ಹೀಗಾಗಿ ಎಲ್ಲವನ್ನೂ ಒಮ್ಮೆಲೇ ಮಾಡಿಸಿ.

ಅದೇ ಬ್ಲಾಕಿನಲ್ಲಿ ಎಂಎಂಆರ್ ಪರೀಕ್ಷೆಯೂ ಆಗಿದೆಯೇ ಎಂದು ಕೇಳಲು ಮರೆಯಬೇಡಿ. ಎಂಎಂಆರ್ ಎಂದರೆ ಡಿಎನ್‌ಎ ನಕಲಾಗುವಾಗಿನ ತಪ್ಪುಗಳನ್ನು ಸರಿಪಡಿಸುವ ವ್ಯವಸ್ಥೆ; ಅದರ ನಾಲ್ಕು ಪ್ರೋಟೀನುಗಳಿಗೆ ಬಣ್ಣ ಹಾಕಿ ನೋಡುವ ಈ ಪರೀಕ್ಷೆ ಜೀನ್ ಪರೀಕ್ಷೆಗಿಂತ ಸರಳ. ಹರಡಿದ ರೋಗದಲ್ಲಿ ನೂರರಲ್ಲಿ ಸುಮಾರು ಐವರಲ್ಲಿ ಮಾತ್ರ ಈ ವ್ಯವಸ್ಥೆ ಕೆಟ್ಟಿರುತ್ತದೆ, ಆದರೆ ಅವರಿಗೆ ಪೆಂಬ್ರೊಲಿಝುಮ್ಯಾಬ್‌ನಂಥ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಚಿಕಿತ್ಸೆ) ಮೊದಲ ಚಿಕಿತ್ಸೆಯಾಗಬಲ್ಲದು. 46ರ ವಯಸ್ಸಿನಲ್ಲಿ ಬಂದ ರೋಗವಾದ್ದರಿಂದ ನಿಮಗೂ ಇದು ಮುಖ್ಯ: ಎಂಎಂಆರ್ ಕೆಟ್ಟಿದ್ದರೆ ಕುಟುಂಬದಲ್ಲಿ ಲಿಂಚ್ ಸಿಂಡ್ರೋಮ್, ಅಂದರೆ ಕರುಳಿನ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ವಂಶವಾಹಿ ದೋಷ, ಇರುವ ಸಾಧ್ಯತೆಯಿದೆ. ಆಗ ಅಣ್ಣನವರ ರಕ್ತದ ಜೀನ್ ಪರೀಕ್ಷೆಯಲ್ಲಿ ದೋಷ ಖಚಿತವಾದರೆ ನೀವು, ನಿಮ್ಮ ಇತರ ಒಡಹುಟ್ಟಿದವರು ಮತ್ತು ಅಣ್ಣನವರ ಮಕ್ಕಳು ಅದೇ ದೋಷಕ್ಕೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ದೋಷ ಇರುವವರಿಗೆ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಬೇಕಾಗುತ್ತದೆ.