ದಾಂಡೇಲಿಯ ಎರಡು ಮಂಗಟ್ಟೆಗಳು: ಪ್ರಭೇದ ಒಂದೇ? ಅಪಾಯ ಎಷ್ಟು?

ದಾಂಡೇಲಿಯಲ್ಲಿ ಕಾಳಿ ನದಿಯ ದಡದಲ್ಲಿ ಕಂಡ ಕಪ್ಪು-ಬಿಳಿಯ ಎರಡು ಮಂಗಟ್ಟೆಗಳು, ಅಂದರೆ ಹಾರ್ನ್‌ಬಿಲ್‌ಗಳು, ಒಂದೇ ಪ್ರಭೇದದ ಗಂಡು-ಹೆಣ್ಣುಗಳೇ, ಎರಡಕ್ಕೂ ಅಪಾಯ ಒಂದೇ ಮಟ್ಟದ್ದೇ ಎಂದು ತಾವು ಕೇಳಿದ್ದೀರಿ. ತಮ್ಮ ವರ್ಣನೆಯ ಪ್ರಕಾರ ಅವು ದೊಡ್ಡ ಮಂಗಟ್ಟೆ ಮತ್ತು ಮಲಬಾರ್ ಮಂಗಟ್ಟೆ; ಬೇರೆ ಪ್ರಭೇದಗಳು ಮಾತ್ರವಲ್ಲ, ಬೇರೆ ಕುಲಗಳಿಗೇ ಸೇರಿದವು.

ಎರಡೂ ಬ್ಯುಸೆರೊಟಿಡೇ ಕುಟುಂಬದವು. ದೊಡ್ಡ ಮಂಗಟ್ಟೆಯ ವೈಜ್ಞಾನಿಕ ಹೆಸರು ಬ್ಯುಸೆರಾಸ್ ಬೈಕಾರ್ನಿಸ್. ಸುಮಾರು ಒಂದು ಮೀಟರ್ ಉದ್ದದ ಈ ಹಕ್ಕಿಯ ಬಿಳಿ ಬಾಲಕ್ಕೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಇರುತ್ತದೆ. ಅದರ ಕತ್ತಿನ ಗರಿಯ ಹಳದಿ ಹುಟ್ಟಿನಿಂದ ಬಂದ ಬಣ್ಣವಲ್ಲ: ಬಾಲದ ಬುಡದ ಗ್ರಂಥಿಯಿಂದ ಒಸರುವ ಎಣ್ಣೆಯನ್ನು ಹಕ್ಕಿ ತಾನೇ ಬಳಿದುಕೊಳ್ಳುತ್ತದೆ. ಮಲಬಾರ್ ಮಂಗಟ್ಟೆಯು ಆಂಥ್ರಕೊಸೆರಾಸ್ ಕೊರೊನೇಟಸ್. ಸುಮಾರು 65 ಸೆಂಟಿಮೀಟರ್ ಉದ್ದ, ಕಪ್ಪು ಕತ್ತು, ಕೊಕ್ಕಿನ ಮೇಲಿನ ಶಿರಸ್ತ್ರಾಣದಂಥ ಉಬ್ಬಿನಲ್ಲಿ ದೊಡ್ಡ ಕಪ್ಪು ಮಚ್ಚೆ, ಬಾಲದ ನಡುವೆ ಕಪ್ಪು, ಅಂಚುಗಳಲ್ಲಿ ಬಿಳಿ. ಬಾಲವನ್ನು ನೋಡಿದರೆ ಗೊಂದಲಕ್ಕೆ ಎಡೆಯೇ ಇಲ್ಲ.

ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಮಲಬಾರ್ ಮಂಗಟ್ಟೆಯು ‘ನಿಯರ್ ಥ್ರೆಟನ್ಡ್’, ಅಂದರೆ ಅಪಾಯದ ಹೊಸ್ತಿಲಲ್ಲಿರುವ ವರ್ಗದಲ್ಲಿದೆ. ದೊಡ್ಡ ಮಂಗಟ್ಟೆಯೂ ಅಲ್ಲಿಯೇ ಇತ್ತು. 2018ರಲ್ಲಿ ಅದನ್ನು ಇನ್ನೂ ಗಂಭೀರವಾದ ‘ವಲ್ನರಬಲ್’, ಅಂದರೆ ಅಳಿವಿನ ಅಪಾಯಕ್ಕೆ ಈಡಾಗಿರುವ ವರ್ಗಕ್ಕೆ ಸೇರಿಸಿದರು. ಈ ವರ್ಗಗಳನ್ನು ನಿರ್ಧರಿಸುವಾಗ ಸದ್ಯ ಎಷ್ಟು ಹಕ್ಕಿಗಳಿವೆ ಎಂಬುದರ ಜೊತೆಗೆ ಸಂಖ್ಯೆ ಎಷ್ಟು ವೇಗವಾಗಿ ಕುಸಿಯುತ್ತಿದೆ ಎಂಬುದನ್ನೂ ಪರಿಗಣಿಸುತ್ತಾರೆ. ದೊಡ್ಡ ಮಂಗಟ್ಟೆ ನಮ್ಮ ಘಟ್ಟಗಳಿಂದ ಹಿಮಾಲಯದ ತಪ್ಪಲು, ಸುಮಾತ್ರಾದವರೆಗೆ ಹರಡಿಕೊಂಡಿದ್ದರೂ, ಆ ವಿಸ್ತಾರದುದ್ದಕ್ಕೂ ಕಾಡು ಕರಗುತ್ತಿದೆ, ಬೇಟೆಯೂ ನಡೆಯುತ್ತಿದೆ. ಮಲಬಾರ್ ಮಂಗಟ್ಟೆ ಇರುವುದು ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ. ಆದ್ದರಿಂದ ಅದರ ವರ್ಗ ಹಗುರವಾಗಿದೆಯೆಂದು ನಾವು ಹಗುರವಾಗಿ ಕಾಣುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡಕ್ಕೂ ಗೂಡಿಗೆ ಬೇಕಾದದ್ದು ಪೊಟರೆಯಿರುವ ಹಳೆಯ, ದಪ್ಪ ಮರ. ಹೆಣ್ಣು ಒಳಹೊಕ್ಕು ಪೊಟರೆಯ ಬಾಯಿಯನ್ನು ಮೆತ್ತಿಕೊಂಡು, ಕೊಕ್ಕು ತೂರುವಷ್ಟೇ ಸೀಳನ್ನು ಉಳಿಸಿಕೊಳ್ಳುತ್ತದೆ. ವಾರಗಟ್ಟಲೆ ಗಂಡೇ ಹಣ್ಣು ತಂದು ಉಣಿಸಬೇಕು. ಆ ದಿನಗಳಲ್ಲಿ ಗಂಡು ಸತ್ತರೆ ಗೂಡೇ ವಿಫಲವಾಗುವ ಸಂಭವ ಹೆಚ್ಚು. ಶಿರಸಿ ಕಡೆಯ ಸೊಪ್ಪಿನ ಬೆಟ್ಟಗಳಲ್ಲಿ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡುಗಳಲ್ಲಿ, ಟೊಳ್ಳು ಬಿದ್ದ ಮರವನ್ನು ನಾಟಾಕ್ಕೆ ಬಾರದ್ದೆಂದು ಸೌದೆಗೆ ಕಡಿಯುವುದು ನನಗೆ ನೋವು ತರುತ್ತದೆ, ಏಕೆಂದರೆ ಅಂಥ ಪೊಟರೆ ಇನ್ನೊಂದು ಮರದಲ್ಲಿ ಆಗಲು ದಶಕಗಳೇ ಬೇಕು.

ಕಾಳಿ ತೀರದ 52.50 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಕರ್ನಾಟಕ ಸರ್ಕಾರ ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದೆ. ಕೆಂಪು ಪಟ್ಟಿಯ ವರ್ಗ ಬೇರೆಯಾದರೂ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಎರಡೂ ಅತಿ ಹೆಚ್ಚಿನ ರಕ್ಷಣೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ, ಯಾವುದನ್ನು ಬೇಟೆಯಾಡಿದರೂ ಅಪರಾಧದ ಗಂಭೀರತೆ ಒಂದೇ.