ಒಮ್ಮೆ ಡೆಂಗಿ ಬಂದವರಿಗೆ ಮತ್ತೆ ಬರುತ್ತಾ?

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಎರಡು ವರ್ಷದ ಹಿಂದೆ ಡೆಂಗಿ ಬಂದು ಹುಷಾರಾದ. ಈಗ ನಮ್ಮ ಬೀದಿಯಲ್ಲಿ ಮತ್ತೆ ಡೆಂಗಿ ಶುರುವಾಗಿದೆ. ಚಿಕನ್‌ಪಾಕ್ಸ್ ತರ ಇದೂ ಒಂದು ಸಲ ಬಂದರೆ ಮತ್ತೆ ಬರಲ್ಲ ಅಲ್ವಾ? ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ಕೊಡಲಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬರಬಹುದು. ಎರಡನೇ ಸಲಕ್ಕೆ ಇನ್ನೂ ಜಾಸ್ತಿ ಎಚ್ಚರ ಬೇಕು.

ವೈರಸ್ ಮೈಗೆ ಹೊಕ್ಕಾಗ ನಮ್ಮ ಬಿಳಿ ರಕ್ತಕಣಗಳಲ್ಲಿ ಕೆಲವು, ಅದಕ್ಕೆ ಸರಿಯಾಗಿ ಹೊಂದುವ ಪ್ರತಿಕಾಯಗಳನ್ನು ತಯಾರಿಸುತ್ತವೆ. ಪ್ರತಿಕಾಯ ಗಟ್ಟಿಯಾಗಿ ಅಂಟಿಕೊಂಡರೆ ವೈರಸ್ಸಿಗೆ ಜೀವಕೋಶದೊಳಗೆ ನುಗ್ಗಲು ಆಗುವುದಿಲ್ಲ. ಕಾಯಿಲೆ ವಾಸಿಯಾದ ಮೇಲೂ ಆ ನೆನಪು ಉಳಿಯುತ್ತದೆ. ಚಿಕನ್‌ಪಾಕ್ಸ್ ಸಾಮಾನ್ಯವಾಗಿ ಇನ್ನೊಮ್ಮೆ ಬಾರದಿರುವುದು ಇದರಿಂದಲೇ.

ಡೆಂಗಿ ವೈರಸ್ಸಿನಲ್ಲಿ 4 ಬಗೆ ಇವೆ. ಅಣ್ಣತಮ್ಮಂದಿರ ಮುಖದ ಹಾಗೆ ಹೋಲಿಕೆ ಇದೆ, ಆದರೆ ಒಂದೇ ಅಲ್ಲ. ಮಗನಿಗೆ ಬಂದುಹೋದ ಬಗೆಯ ವಿರುದ್ಧ ಅವನಿಗೆ ಬಹುಕಾಲದ ರಕ್ಷಣೆ ಇದೆ. ಉಳಿದ ಮೂರರ ವಿರುದ್ಧ ಸಿಕ್ಕಿದ್ದು ಕೆಲವೇ ತಿಂಗಳು. ಈಗ ಬೇರೆ ಬಗೆ ಬಂತೆನ್ನಿ. ಹಳೆಯ ಪ್ರತಿಕಾಯಗಳು ಅದಕ್ಕೂ ಅಂಟುತ್ತವೆ, ಆದರೆ ಕಟ್ಟಿಹಾಕಲಾರವು. ಪ್ರತಿಕಾಯ ಅಂಟಿದ್ದನ್ನು ನುಂಗುವುದು ನಮ್ಮ ಭಕ್ಷಕ ಕಣಗಳ ಕೆಲಸ. ಹಾಗೆ ಒಳಹೋದ ಡೆಂಗಿ ವೈರಸ್ ಸಾಯದೆ ಅಲ್ಲೇ ಬೆಳೆದು ಹೆಚ್ಚುತ್ತದೆ. ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆ ಹರಡಿತ್ತು. 1981ರಲ್ಲಿ ಎರಡನೇ ಬಗೆ ಬಂದಾಗ ತೀವ್ರವಾಗಿ ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಹಿಂದೆ ಡೆಂಗಿ ತಗುಲಿದ್ದವರೇ.

ಹಾಗಾಗಿ ಪುಡಿಗೆ ಸುಮ್ನೆ ದುಡ್ಡು ಹಾಕಬೇಡಿ. ಇಲ್ಲಿ ಶಕ್ತಿ ಸಾಲದ್ದು ತೊಂದರೆಯಲ್ಲ, ಗುರುತು ತಪ್ಪುವುದು ತೊಂದರೆ.

ಗಾಬರಿ ಬೇಡ, ಎರಡನೇ ಸಲವೂ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಜ್ವರ ಬಂದರೆ ಹಿಂದೆ ಡೆಂಗಿ ಆಗಿತ್ತು ಅಂತ ಡಾಕ್ಟರಿಗೆ ಮೊದಲೇ ಹೇಳಿ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ. ಮನೆಯವರು ಪ್ಲೇಟ್‌ಲೆಟ್ ಲೆಕ್ಕವನ್ನೇ ನೋಡುತ್ತಾ ಕೂರುತ್ತಾರೆ. ಆದರೆ ದೊಡ್ಡ ಅಪಾಯ ರಕ್ತನಾಳಗಳಿಂದ ನೀರಿನಂಶ ಸೋರುವುದು. ಅದು ಆಗುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ, ಆಮೇಲಿನ ಒಂದೆರಡು ದಿನದಲ್ಲಿ. ಜ್ವರ ಬಿಟ್ಟಿತು ಅಂತ ಮರುದಿನವೇ ಶಾಲೆಗೆ ಕಳಿಸಬೇಡಿ. ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ವಸಡಲ್ಲಿ ರಕ್ತ ಬಂದರೆ, ಕೈಕಾಲು ತಣ್ಣಗಾಗಿ ಮಂಕಾದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.

ನೀರಿನ ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆಯನ್ನು ಚೆನ್ನಾಗಿ ಉಜ್ಜಿ ತೊಳೆಯಿರಿ. ಸೊಳ್ಳೆಯ ಮೊಟ್ಟೆಗಳು ಅಂಟಿರುವುದು ಅಲ್ಲಿಯೇ; ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ.